ಜಡ್ಡು ಕಟ್ಟಿರೋದು ಯಾರಿಗೆ?

ಇಂಗ್ಲಿಷಿನಲ್ಲಿ ಕ್ಯಾಲಸ್ ಅಂತ ಒಂದು ಗುಣವಾಚಕ ಇದೆ. ಒಳಚರಂಡಿಗೆ ಇಳಿದವರು ಸತ್ತರು ಅನ್ನೋ ಸುದ್ದಿ ಇಂಗ್ಲಿಷ್ ಪೇಪರಿನಲ್ಲಿ ಬಂದರೆ ಅದರ ಮಗ್ಗುಲಲ್ಲೇ ಈ ಮಾತು ಕೂತಿರುತ್ತದೆ. ಅಧಿಕಾರಿಗಳದ್ದು ಕ್ಯಾಲಸ್ ಧೋರಣೆ, ಗುತ್ತಿಗೆದಾರನದು ಕ್ಯಾಲಸ್ ನಡತೆ, ಸರ್ಕಾರವೇ ಕ್ಯಾಲಸ್ ಆಗಿದೆ. ನಿಘಂಟು ತೆಗೆದು ನೋಡಿದರೆ ನಿರ್ದಯ, ಕಲ್ಲೆದೆಯ, ಮರುಕವಿಲ್ಲದ, ಜಡ್ಡುಗಟ್ಟಿದ ಅಂತ ಸಾಲಾಗಿ ಅರ್ಥ ಸಿಗುತ್ತವೆ. ಸಂಘಟನೆಯ ಕೆಲಸಕ್ಕೆ ಇಂಥ ವರದಿಗಳನ್ನು ಕನ್ನಡಕ್ಕೆ ತರೋ ನನ್ನಂಥವನಿಗೆ ಮೊದಲಿನ ಮೂರು ಅರ್ಥಗಳ ಬಗ್ಗೆ ತಕರಾರಿಲ್ಲ. ನಾಲ್ಕನೆಯದನ್ನು ಬರೆಯೋಕೆ ಹೋದರೆ ಪೆನ್ನು ನಿಲ್ಲುತ್ತದೆ. ಒಂದು ಗುಣವಾಚಕಕ್ಕೆ ಇಷ್ಟು ರಂಪ ಯಾಕೆ ಅಂತ ಗೆಳೆಯರು ಕೇಳಬಹುದು. ಕೇಳಲಿ. ಮಾತಿನಲ್ಲಿ ನಡೆಯೋ ಅನ್ಯಾಯವೂ ಅನ್ಯಾಯವೇ.

ಜಡ್ಡು ಅಂದರೇನು ಅಂತ ನಮ್ಮ ಕೇರಿಯಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಗುದ್ದಲಿ ಕಾವು ಹಿಡಿದ ಕೈಗೆ ಮೊದಲು ಬೊಬ್ಬೆ ಬರುತ್ತದೆ. ಬೊಬ್ಬೆ ಒಡೆಯುತ್ತದೆ, ಉರಿಯುತ್ತದೆ, ಮಾರನೇ ದಿನ ಅದೇ ಕೈ ಅದೇ ಕಾವು ಹಿಡಿಯುತ್ತದೆ. ಹಿಂಗೆ ವಾರಗಟ್ಟಲೆ ನಡೆದ ಮೇಲೆ ಬೆರಳ ಬುಡದಲ್ಲಿ ಹಳದಿ ಬಣ್ಣದ ದಪ್ಪ ಚರ್ಮ ಬಂದು ಕೂತಿರುತ್ತದೆ. ಅದೇ ಜಡ್ಡು. ಉತ್ತರ ಕರ್ನಾಟಕದ ಗೆಳೆಯರು ಜಡ್ಡು ಅಂದರೆ ಕಾಯಿಲೆ ಅಂತಾರೆ. ನಮ್ಮ ಕಡೆ ಹಂಗಲ್ಲ, ಕಾಯಿಲೆ ಬಿದ್ದು ಕೆಲಸ ನಿಂತಾಗಲೇ ಕೈಯ ಜಡ್ಡು ಕರಗೋದು.

ಇಂಗ್ಲಿಷಿನಲ್ಲೂ ಈ ಚರ್ಮಕ್ಕೆ ಕ್ಯಾಲಸ್ ಅಂತಲೇ ಹೆಸರು. ನಾಮಪದವಾದರೆ ಕೊನೆಗೆ ಯು, ಎಸ್ ಬರೀತಾರೆ. ಗುಣವಾಚಕವಾದರೆ ಓ, ಯು, ಎಸ್. ಬಾಯಲ್ಲಿ ಎರಡೂ ಒಂದೇ, ನಮ್ಮ ಲಿಪಿಯಲ್ಲೂ ಎರಡೂ ಒಂದೇ. ಹಳ್ಳಿ ಕಿವಿಗೆ ಅದು ‘ಕೆಲಸ’ ಅಂದಂಗೂ ಕೇಳುತ್ತದೆ; ಇದೇನು ಭಾಷಾಶಾಸ್ತ್ರ ಅಲ್ಲ, ಸುಮ್ಮನೆ ಹೇಳಿದೆ. ಆದರೆ ಒಂದು ಅಕ್ಷರ ಸೇರಿದ ಕೂಡಲೇ ಗೇಯೋ ಕೈಯ ಚರ್ಮ ಕೊಲ್ಲೋ ಮನಸ್ಸಿನ ಹೆಸರಾಗಿಬಿಡುತ್ತಲ್ಲ, ಇದು ಹೆಂಗೆ? ಯಾರ ಅಂಗೈಯಿಂದ ಕಿತ್ತು ಯಾರ ಎದೆಗೆ ಅಂಟಿಸಿದರು?

ಮಾತಿನ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಕಲ್ಲುಂ’ ಅಂದರೆ ಗಡಸು ಚರ್ಮ. ಅದರ ಒಡಹುಟ್ಟಿದ ಕ್ರಿಯಾಪದ ‘ಕಲ್ಲೇರೆ’. ಇದಕ್ಕೆ ಎರಡು ಅರ್ಥ. ಚರ್ಮ ಜಡ್ಡಾಗು ಅನ್ನೋದು ಒಂದು. ಪಳಗು, ಮಾಡಿ ಮಾಡಿ ಬಲ್ಲವನಾಗು ಅನ್ನೋದು ಇನ್ನೊಂದು. ಆ ಎರಡನೆಯ ಅರ್ಥದಿಂದಲೇ ನುರಿತವನು, ಚತುರ ಅನ್ನೋ ‘ಕಲ್ಲಿದುಸ್’ ಹುಟ್ಟಿತು. ಅಂದರೆ ಒಂದು ಕಾಲದಲ್ಲಿ ಆ ಜನಕ್ಕೆ ಕೈಯ ಗಡಸುತನ ಮತ್ತು ತಲೆಯ ಅರಿವು ಒಂದೇ ಬೇರಿನ ಎರಡು ಕವಲಾಗಿ ಕಂಡಿದ್ದವು. ಜಡ್ಡು ಬಿದ್ದವನೇ ಬಲ್ಲವನು. ನನ್ನಂಥವನಿಗೆ ಇದನ್ನು ಓದಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಕಾಲೇಜಿನಲ್ಲಿ ಯಾವ ಮೇಷ್ಟರೂ ಇದನ್ನು ಹೇಳಿರಲಿಲ್ಲ.

ಸಿಸೆರೊ ಅನ್ನೋ ರೋಮಿನ ದೊಡ್ಡ ಮನುಷ್ಯ ಕ್ರಿಸ್ತಪೂರ್ವ 45ರಲ್ಲಿ ತನ್ನ ತುಸ್ಕುಲಂ ತೋಟದ ಮನೆಯ ಹೆಸರಿಟ್ಟು ಬರೆದ ತತ್ವದ ಪುಸ್ತಕದಲ್ಲಿ, ದುಡಿಮೆ ನೋವಿನ ಮೇಲೆ ಒಂದು ಜಡ್ಡು ಬೆಳೆಸುತ್ತದೆ ಅನ್ನೋ ಅರ್ಥದ ಮಾತಾಡುತ್ತಾನೆ. ಬೈದು ಹೇಳಿದ್ದಲ್ಲ, ಮೆಚ್ಚಿ ಹೇಳಿದ್ದು. ಆದರೆ ಆತ ಸೆನೆಟರ್, ಗುಲಾಮರ ಒಡೆಯ. ಆ ತೋಟದ ಮಣ್ಣು ಅಗೆದವರ ಕೈ ಆ ಪುಸ್ತಕದಲ್ಲಿ ಮಾತಾಡೋದಿಲ್ಲ. ಜಡ್ಡಿಲ್ಲದವನು ಜಡ್ಡನ್ನು ಹೊಗಳೋದು ಅಲ್ಲಿಂದಲೇ ಶುರುವಾಗಿರಬೇಕು.

ಮುಂದೆ ಈ ಮಾತು ಇಂಗ್ಲಿಷಿಗೆ ಬಂದದ್ದು ಸುಮಾರು 1400ರ ಹೊತ್ತಿಗೆ, ವೈದ್ಯರ ಮಾತಾಗಿ, ಬರೀ ಚರ್ಮದ ಲೆಕ್ಕದಲ್ಲಿ. ಮನಸ್ಸಿನ ಮರುಕ ಸತ್ತಿರೋದನ್ನು ಹೇಳೋಕೆ ಅದನ್ನು ಬಳಸಿದ್ದು 1670ರ ದಶಕದಲ್ಲಿ. ಆಫ್ರಿಕದ ಜನರನ್ನು ಹಡಗಿಗೆ ತುಂಬಿ ಮಾರೋ ರಾಯಲ್ ಆಫ್ರಿಕನ್ ಕಂಪನಿಗೆ ಇಂಗ್ಲೆಂಡಿನ ರಾಜ 1672ರಲ್ಲಿ ಸನದು ಕೊಟ್ಟ. ಅದೇ ಕಾಲ. ಒಂದರಿಂದ ಇನ್ನೊಂದು ಹುಟ್ಟಿತು ಅಂತ ನಾನು ಹೇಳುತ್ತಿಲ್ಲ. ಮರುಕ ಸತ್ತವರಿಗೆ ಹೆಸರು ಬೇಕಾದಾಗ, ಹಡಗಿನ ಮಾಲೀಕನ ನುಣುಪು ಕೈ ಕಣ್ಣಿಗೆ ಬೀಳದೆ, ಕೂಲಿಯ ಒರಟು ಕೈಯಿಂದ ಹೆಸರು ತೆಗೆದುಕೊಂಡರಲ್ಲ ಅಂತಷ್ಟೇ ಹೇಳುತ್ತಿದ್ದೇನೆ. ಪಳಗಿದವನು, ಬಲ್ಲವನು ಅನ್ನೋ ಹಳೇ ಅರ್ಥ ಮಾತ್ರ ಈ ಗುಣವಾಚಕದ ಜೊತೆ ಇಂಗ್ಲಿಷಿಗೆ ದಾಟಲೇ ಇಲ್ಲ.

ಈ ತಕರಾರಿಗೆ ಒಳ್ಳೆ ಸಾಕ್ಷಿ ಶೇಕ್ಸ್‌ಪಿಯರ್‌ನಲ್ಲಿದೆ. ಸುಮಾರು 1600ರಲ್ಲಿ ಬರೆದ ಹ್ಯಾಮ್ಲೆಟ್ ನಾಟಕದ ಐದನೇ ಅಂಕ ಶುರುವಾಗೋದು ಸುಡುಗಾಡಿನಲ್ಲಿ. ಗುಂಡಿ ತೋಡುವವನು ಹಾಡು ಹೇಳಿಕೊಂಡು ಗುಂಡಿ ತೋಡುತ್ತಿದ್ದಾನೆ. ಅಲ್ಲಿಗೆ ಬಂದ ರಾಜಕುಮಾರನಿಗೆ ಬೇಸರ. ಇವನಿಗೆ ತಾನು ಮಾಡೋ ಕೆಲಸದ ಬಗ್ಗೆ ಏನೂ ಅನ್ನಿಸೋದೇ ಇಲ್ಲವಾ, ಹೆಣದ ಗುಂಡಿ ತೋಡುತ್ತ ಹಾಡ್ತಾನಲ್ಲ ಅಂತ ಕೇಳುತ್ತಾನೆ. ಜೊತೆಗಾರ ಹೊರೇಷಿಯೊ, ಅಭ್ಯಾಸ ಆಗಿಹೋಗಿದೆ ಬಿಡು ಅನ್ನೋ ಧಾಟಿಯಲ್ಲಿ ಸಮಾಧಾನ ಹೇಳುತ್ತಾನೆ. ಆಗ ರಾಜಕುಮಾರ ಒಪ್ಪಿಕೊಂಡು ಅನ್ನೋದರ ತಾತ್ಪರ್ಯ ಇಷ್ಟು: ಕೆಲಸವಿಲ್ಲದ ಕೈಗೇ ಸ್ಪರ್ಶ ಹೆಚ್ಚು ಸೂಕ್ಷ್ಮ.

ನಮ್ಮ ಕ್ಲಾಸುಗಳಲ್ಲಿ ಈ ಜಾಗವನ್ನು ಮಾನವ ಸ್ವಭಾವದ ಅದ್ಭುತ ಒಳನೋಟ ಅಂತ ಹೇಳಿಕೊಡುತ್ತಾರೆ. ಇರಲಿ. ಈ ಸೂಕ್ಷ್ಮ ಕೈಯ ರಾಜಕುಮಾರ ಅದಕ್ಕೂ ಮುಂಚೆ ಏನು ಮಾಡಿದ್ದ ಅನ್ನೋದನ್ನ ನೆನೆಸಿಕೊಳ್ಳಿ. ಮೂರನೇ ಅಂಕದಲ್ಲಿ ಪರದೆಯ ಹಿಂದೆ ಯಾರಿದ್ದಾರೆ ಅಂತ ನೋಡದೇನೇ ಕತ್ತಿ ಹಾಕಿ ಮುದುಕ ಪೊಲೋನಿಯಸ್‌ನನ್ನು ಕೊಂದಿದ್ದಾನೆ. ಆ ಹೆಣವನ್ನು ಮೂಟೆ ಎಳೆದ ಹಂಗೆ ಎಳೆದುಕೊಂಡು ಹೋಗಿದ್ದಾನೆ. ಇಬ್ಬರು ಹಳೇ ಸ್ನೇಹಿತರ ಸಾವಿಗೆ ಪತ್ರ ಬರೆದು ಕಳಿಸಿದ್ದಾನೆ, ಅವರ ಸಾವು ತನ್ನ ಮನಸ್ಸಾಕ್ಷಿಯ ಹತ್ತಿರವೂ ಸುಳಿಯೋದಿಲ್ಲ ಅಂತ ಆಮೇಲೆ ತಾನೇ ಹೇಳುತ್ತಾನೆ. ಇಷ್ಟೆಲ್ಲ ಮಾಡಿದ ಕೈ ಸೂಕ್ಷ್ಮ, ಸತ್ತವರಿಗೆ ಜಾಗ ಮಾಡಿಕೊಡೋ ಕೈ ಒರಟು!

ಇನ್ನೂ ಇದೆ. ಗುಂಡಿಯಿಂದ ಒಂದು ತಲೆಬುರುಡೆ ಮೇಲೆ ಬರುತ್ತದೆ. ಅದು ಯಾರದು ಅಂತ ರಾಜಕುಮಾರನಿಗೆ ಗೊತ್ತಾಗೋದಿಲ್ಲ. ಗುಂಡಿ ತೋಡುವವನಿಗೆ ಗೊತ್ತು. ಇದು ಇಪ್ಪತ್ಮೂರು ವರ್ಷ ಮಣ್ಣಲ್ಲಿತ್ತು, ಇದು ಅರಮನೆಯ ವಿದೂಷಕ ಯೋರಿಕ್, ಒಂದು ಸಲ ನನ್ನ ತಲೆ ಮೇಲೆ ಹೂಜಿಗಟ್ಟಲೆ ಹೆಂಡ ಸುರಿದಿದ್ದ ಅಂತ ಅವನೇ ಹೇಳುತ್ತಾನೆ. ಚಿಕ್ಕಂದಿನಲ್ಲಿ ಆ ಯೋರಿಕ್‌ನ ಬೆನ್ನೇರಿ ಆಡಿದ ಹುಡುಗ ಇದೇ ರಾಜಕುಮಾರ. ಅವನಿಗೆ ಬುರುಡೆಯ ಗುರುತು ಹೇಳಿಕೊಟ್ಟದ್ದು ಜಡ್ಡು ಬಿದ್ದ ಕೈ. ಅಲ್ಲಿಂದ ಮುಂದೆ ರಾಜಕುಮಾರ ಮಾಡೋ ಲೋಕಪ್ರಸಿದ್ಧ ದುಃಖವೆಲ್ಲ ಆ ಕೂಲಿಯವನು ಕೊಟ್ಟ ಬಂಡವಾಳ.

ಮಣ್ಣಲ್ಲಿ ಹೆಣ ಎಷ್ಟು ವರ್ಷಕ್ಕೆ ಕೊಳೆಯುತ್ತದೆ ಅಂತಲೂ ಅವನು ಲೆಕ್ಕ ಹೇಳುತ್ತಾನೆ. ಎಂಟೊಂಬತ್ತು ವರ್ಷ. ಚರ್ಮ ಹದ ಮಾಡುವವನ ಹೆಣವಾದರೆ ಒಂಬತ್ತು ವರ್ಷ ತಡೆಯುತ್ತದಂತೆ, ಯಾಕಂದರೆ ಕಸುಬು ಮಾಡಿ ಮಾಡಿ ಅವನ ಚರ್ಮವೇ ಹದವಾಗಿ ನೀರು ಒಳಗೆ ಇಳಿಯೋದಿಲ್ಲವಂತೆ. ಹಾಸ್ಯಕ್ಕೆ ಹೇಳಿದ ಮಾತು, ನಾಟಕ ನೋಡೋರು ನಗುತ್ತಾರೆ. ರಂಪಿಗೆ ಹಿಡಿದು ಚರ್ಮ ಕೊಯ್ದ ಮನೆಯಿಂದ ಬಂದವನಿಗೆ ನಗು ಬರೋದು ಸ್ವಲ್ಪ ತಡವಾಗುತ್ತದೆ, ಬಂದ ಮೇಲೆ ಬೇರೆ ರೀತಿ ಬರುತ್ತದೆ. ಲ್ಯಾಟಿನ್ನಿನ ಆ ಮರೆತ ಅರ್ಥ, ಜಡ್ಡು ಬಿದ್ದವನೇ ಬಲ್ಲವನು ಅನ್ನೋದು, ಶೇಕ್ಸ್‌ಪಿಯರ್‌ನ ಈ ಗುಂಡಿಯಲ್ಲಿ ಇನ್ನೂ ಉಸಿರಾಡುತ್ತಿದೆ. ಮೇಲೆ ನಿಂತವನಿಗೆ ಕಾಣಿಸಲಿಲ್ಲ ಅಷ್ಟೆ.

ಟಾಲ್‌ಸ್ಟಾಯ್ ಇದನ್ನು ತಿರುಗಿಸಿ ಹಾಕಿದ. 1880ರ ದಶಕದಲ್ಲಿ ಅವನು ಬರೆದ ಪೆದ್ದ ಇವಾನನ ಕತೆಯಲ್ಲಿ ಒಂದು ರಾಜ್ಯ ಇದೆ. ಅಲ್ಲಿ ಒಂದೇ ಕಟ್ಟಳೆ. ಊಟಕ್ಕೆ ಬಂದವರ ಕೈಯನ್ನು ಇವಾನನ ಮಾತು ಬಾರದ ತಂಗಿ ಹಿಡಿದು ನೋಡುತ್ತಾಳೆ. ಜಡ್ಡಿದ್ದವರು ಮೇಜಿಗೆ ಬರಬೇಕು, ಇಲ್ಲದವರಿಗೆ ಉಳಿದ ಎಂಜಲು. ಸಭ್ಯಸ್ಥನ ವೇಷದಲ್ಲಿ ಬಂದ ಸೈತಾನನ ಕೈ ನುಣುಪಾಗಿದ್ದು ಉಗುರು ಉದ್ದ ಇದ್ದದ್ದಕ್ಕೆ ಅವನನ್ನು ಎಬ್ಬಿಸಿ ಕಳಿಸುತ್ತಾರೆ. ಬರೆದವನು ಜಮೀನ್ದಾರ, ಆದರೂ ನೇಗಿಲು ಹಿಡಿದವನು, ಬೂಟು ಹೊಲಿಯೋದನ್ನು ಕಲಿತವನು. ಕತೆ ಓದಿ ಎರಡು ದಿನ ನಾನು ಖುಷಿಯಾಗಿದ್ದೆ. ಮೂರನೇ ದಿನ ನನ್ನ ಕೈ ನೋಡಿಕೊಂಡೆ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಅಪ್ಪ ಅವ್ವ ಕೂಲಿ ಮಾಡಿ ಓದಿಸಿದ್ದು ಈ ಕೈಗೆ ಜಡ್ಡು ಬೀಳದಿರಲಿ ಅಂತಲೇ. ಪರೀಕ್ಷೆ ಬರೆದು ಬರೆದು ನಡುಬೆರಳ ತುದಿಗೆ ಪೆನ್ನು ಒತ್ತಿ ಒಂದು ಚಿಕ್ಕ ಗಂಟಾಗಿದೆ, ಅಷ್ಟೇ ನನ್ನ ಆಸ್ತಿ. ಆ ತಂಗಿ ಇದನ್ನು ಲೆಕ್ಕಕ್ಕೆ ಹಿಡೀತಾಳೋ ಇಲ್ಲವೋ? ಜಡ್ಡನ್ನು ಪೂಜೆ ಮಾಡೋ ಕತೆಗಳಲ್ಲಿ ಈ ತೊಡಕಿದೆ. ಜಡ್ಡು ಮನುಷ್ಯತ್ವದ ಸರ್ಟಿಫಿಕೇಟು ಅಂತಾದರೆ ನಮ್ಮ ಜನ ಹೊಲದಲ್ಲೇ ಇರಬೇಕು, ಚರಂಡಿಯಲ್ಲೇ ಇರಬೇಕು. ಕೊಳೆ ಬಾಚೋ ಕೆಲಸವನ್ನು ಆಧ್ಯಾತ್ಮ ಅಂತ ಹೊಗಳಿದವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಜಡ್ಡನ್ನು ಬೈಯೋದೂ ಬೇಡ, ಆರತಿ ಎತ್ತೋದೂ ಬೇಡ. ಅದು ಏನು ಅಂತ ಸರಿಯಾಗಿ ನೋಡಿದರೆ ಸಾಕು.

ನೋಡೋಣ. ಚರ್ಮ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಉಜ್ಜಿ ಒತ್ತಿದಾಗ ಅಲ್ಲಿನ ಜೀವಕೋಶಗಳು ಬೇಗ ಬೇಗ ಹುಟ್ಟುತ್ತವೆ. ಮೇಲಿನ ಸತ್ತ ಪದರ ದಪ್ಪವಾಗುತ್ತದೆ. ಕೂದಲು, ಉಗುರು ಯಾವುದರಿಂದ ಆಗಿದೆಯೋ ಅದೇ ಕೆರಟಿನ್‌ನಿಂದಲೇ ಈ ಪದರವೂ ಆಗಿರೋದು. ನೋವು ಒಯ್ಯೋ ನರಗಳು ಅದರ ಕೆಳಗೆ ಜೀವಂತವಾಗೇ ಇರುತ್ತವೆ. ಜಡ್ಡು ಬಿರುಕು ಬಿಟ್ಟು ಬೇಸಿಗೆಯಲ್ಲಿ ರಕ್ತ ಒಸರಿದವರನ್ನು ಕೇಳಿ, ನೋವು ಇದೆಯೋ ಇಲ್ಲವೋ ಹೇಳುತ್ತಾರೆ. ಕೆಲಸ ಬಿಟ್ಟರೆ ಕೆಲವು ವಾರಗಳಲ್ಲಿ ಜಡ್ಡು ಸವೆದುಹೋಗುತ್ತದೆ. ನರವೇ ಸಾಯೋದು ಬೇರೆ, ಅಲ್ಲಿ ಮೇಲಿನ ಚರ್ಮ ಎಷ್ಟೇ ಮೆತ್ತಗಿದ್ದರೂ ಸ್ಪರ್ಶ ತಿಳಿಯೋದಿಲ್ಲ. ಅಂಥ ರೋಗದ ಹೆಸರು ಹಿಡಿದು ನಿರ್ದಯಿಗಳನ್ನು ಬೈಯೋಣ ಅಂತ ನಾನು ಹೇಳೋದಿಲ್ಲ. ಕುಷ್ಠ ಬಂದವರನ್ನು ಊರಾಚೆ ಇಟ್ಟ ಸಮಾಜವೇ ನಮ್ಮನ್ನೂ ಇಟ್ಟದ್ದು, ಒಂದು ಬೈಗುಳ ಇಳಿಸೋಕೆ ಇನ್ನೊಬ್ಬರ ತಲೆ ಮೇಲೆ ಹೊರಿಸಬಾರದು.

ನಮ್ಮವ್ವ ಒಲೆಯಿಂದ ಜಾರಿದ ಕೆಂಡವನ್ನು ಎರಡು ಬೆರಳಲ್ಲಿ ಎತ್ತಿ ಮತ್ತೆ ಒಲೆಗೆ ಹಾಕುತ್ತಾಳೆ. ನೋಡಿದವರು ಇವಳ ಕೈಗೆ ಏನೂ ಗೊತ್ತಾಗಲ್ಲ ಅನ್ನಬಹುದು. ಮಗುವಿಗೆ ಜ್ವರ ಇದೆಯಾ ಅಂತ ನೋಡುವಾಗ ಮಾತ್ರ ಅವಳು ಅಂಗೈ ಇಡೋದಿಲ್ಲ. ಕೈ ತಿರುಗಿಸಿ ಹಿಂಗೈ ಇಡುತ್ತಾಳೆ. ಯಾಕವ್ವ ಅಂದರೆ, “ಈ ಕಡೆ ಜಡ್ಡು ಕಣಪ್ಪ, ತಿಳಿಯಾಕಿಲ್ಲ” ಅಂತಾಳೆ. ತನ್ನ ಕೈಯಲ್ಲಿ ಎಲ್ಲಿ ಸ್ಪರ್ಶ ಕಮ್ಮಿ ಅಂತ ಅವಳಿಗೆ ಗೊತ್ತು, ಗೊತ್ತಿರೋದರಿಂದ ಕೈ ತಿರುಗಿಸುತ್ತಾಳೆ. ಕ್ಯಾಲಸ್ ಅಂತ ಇಂಗ್ಲಿಷ್ ಪೇಪರು ಕರೆಯೋ ಅಧಿಕಾರಿ ಒಂದು ಸಲವಾದರೂ ಕೈ ತಿರುಗಿಸಿ ನೋಡಿದ್ದಾನಾ? ತನಗೆ ತಿಳಿಯದ ಕಡೆ ಒಂದಿದೆ ಅಂತ ಅವನಿಗೆ ಗುಮಾನಿಯಾದರೂ ಇದೆಯಾ?

ಇದು ಬರೀ ರೂಪಕದ ಜಗಳ ಅಂದುಕೊಂಡರೆ ಅಮೆರಿಕದ ಕಡೆ ನೋಡಬೇಕು. ಕರಿಯರಿಗೆ ಚರ್ಮ ದಪ್ಪ, ನೋವು ಕಮ್ಮಿ ಅಂತ ಅಲ್ಲಿನ ಗುಲಾಮರ ಒಡೆಯರು, ಅವರ ಡಾಕ್ಟರುಗಳು ನಂಬಿದ್ದರು, ನಂಬಿಸಿದ್ದರು. 1840ರ ದಶಕದಲ್ಲಿ ಅಲಬಾಮದ ಮರಿಯನ್ ಸಿಮ್ಸ್ ಅನ್ನೋ ಡಾಕ್ಟರು ಗುಲಾಮ ಹೆಂಗಸರ ಮೇಲೆ ಅರಿವಳಿಕೆ ಇಲ್ಲದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯ ಪ್ರಯೋಗ ಮಾಡಿದ. ಅನಾರ್ಕ, ಬೆಟ್ಸಿ, ಲೂಸಿ ಅನ್ನೋ ಮೂರು ಹೆಸರು ಮಾತ್ರ ಉಳಿದಿವೆ. ಅವನಿಗೆ ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಂತಿತು, ಅದನ್ನು ತೆಗೆದದ್ದು 2018ರಲ್ಲಿ. ಹಳೇ ಕತೆ ಅಂತ ಬಿಡೋ ಹಾಗಿಲ್ಲ. ವರ್ಜೀನಿಯ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಜನ ಕರಿಯರ ದೇಹದ ಬಗ್ಗೆ ಇಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಿಜ ಅಂದುಕೊಂಡಿದ್ದರು. ಅವರ ಚರ್ಮ ದಪ್ಪ ಅನ್ನೋದು ಅದರಲ್ಲೊಂದು. ಹಾಗೆ ನಂಬಿದವರು ಕರಿಯ ರೋಗಿಯ ನೋವನ್ನು ಕಮ್ಮಿ ಅಂದಾಜು ಮಾಡಿದರು. ಬೊಂಬಾಯಿಯ ನಮ್ಮ ಹುಡುಗರು 1972ರಲ್ಲಿ ದಲಿತ್ ಪ್ಯಾಂಥರ್ಸ್ ಕಟ್ಟಿದಾಗ ಆ ಕರಿಯ ಹೋರಾಟಗಾರರ ಹೆಸರನ್ನೇ ಯಾಕೆ ತೆಗೆದುಕೊಂಡರು ಅಂತ ಕೇಳುವವರಿಗೆ ನಾನು ಈ ಒಂದು ಚರ್ಮದ ಸಂಗತಿ ಹೇಳುತ್ತೇನೆ. ಗೇಯೋ ಜನಕ್ಕೆ ನೋವಾಗೋದಿಲ್ಲ ಅನ್ನೋದು ಗೇಯಿಸಿಕೊಳ್ಳೋರಿಗೆ ಎಷ್ಟು ಅನುಕೂಲ!

ಕನ್ನಡವೇನೂ ಕಮ್ಮಿ ಇಲ್ಲ. ಎಷ್ಟು ಬೈದರೂ ಅಲ್ಲಾಡದವನಿಗೆ ಎಮ್ಮೆ ಚರ್ಮ ಅಂತೀವಿ. ಎಮ್ಮೆ ಮೇಯಿಸಿದವನಿಗೆ ಗೊತ್ತು, ಬಿಸಿಲು ಅಂದರೆ ಅದಕ್ಕೆ ಪ್ರಾಣಸಂಕಟ. ಮೈಯಲ್ಲಿ ಬೆವರಿನ ಗ್ರಂಥಿ ಕಮ್ಮಿ, ಬಣ್ಣ ಕಪ್ಪು, ಅದಕ್ಕೇ ಕೆಸರು ಕಂಡರೆ ಓಡಿಹೋಗಿ ಮಲಗುತ್ತದೆ. ಅದು ಸಹಿಸಲಾರದೆ ಮಾಡಿದ್ದನ್ನು ಅದರ ದಡ್ಡತನ ಅಂದೆವು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಜಡ್ಡು ಕಟ್ಟಬೇಕಾದರೆ ಮುಟ್ಟಬೇಕು. ಕೈಗೆ ಕಾವು ತಾಗಬೇಕು, ಕಾಲಿಗೆ ಕಲ್ಲು ತಾಗಬೇಕು, ದಿನಾ ತಾಗಬೇಕು. ಈ ದೇಶದ ಮೇಲ್ಜಾತಿ ನಿರ್ದಯ ಹುಟ್ಟಿದ್ದು ತಾಗಿ ತಾಗಿ ಅಲ್ಲ, ತಾಗದೇ ಇದ್ದು. ಕೇರಿಯನ್ನು ಊರಾಚೆ ಇಟ್ಟರು. ಬಾವಿ ಬೇರೆ, ಲೋಟ ಬೇರೆ, ಸುಡುಗಾಡು ಬೇರೆ. ನೀರನ್ನು ಎತ್ತರದಿಂದ ಬೊಗಸೆಗೆ ಹೊಯ್ದರು, ಕೂಲಿಯನ್ನು ಕೈಗೆ ತಾಗದಂತೆ ಎಸೆದರು. ಇಷ್ಟು ಜೋಪಾನವಾಗಿ ಉಜ್ಜಾಟ ತಪ್ಪಿಸಿಕೊಂಡ ಚರ್ಮಕ್ಕೆ ಜಡ್ಡು ಎಲ್ಲಿಂದ ಬರಬೇಕು? ಅದು ಎಳೇ ಕೂಸಿನ ಚರ್ಮದ ಹಂಗೆ ಮೆತ್ತಗಿದೆ. ಅವನು ಸಿನಿಮಾ ನೋಡಿ ಅಳುತ್ತಾನೆ, ಕರು ಸತ್ತರೆ ಎರಡು ದಿನ ಊಟ ಬಿಡುತ್ತಾನೆ, ಇರುವೆ ಗೂಡಿಗೆ ಸಕ್ಕರೆ ಹಾಕುತ್ತಾನೆ. ಇದು ನಾಟಕ ಅಲ್ಲ, ನಿಜವಾದ ಮರುಕವೇ. ಆ ಮರುಕಕ್ಕೊಂದು ಎಲ್ಲೆಕಲ್ಲು ಇದೆ, ಕೇರಿಯ ಈಚೆಗೆ ಅದು ದಾಟೋದಿಲ್ಲ. ಇಂಥವನನ್ನು ಜಡ್ಡುಗಟ್ಟಿದವನು ಅನ್ನೋದು ಅವನಿಗೆ ಮಾಡೋ ಮರ್ಯಾದೆ. ಏನನ್ನೋ ಅನುಭವಿಸಿ ಅನುಭವಿಸಿ ಗಟ್ಟಿಯಾದವನು ಅಂತ ಒಪ್ಪಿದ ಹಂಗೆ ಆಯಿತಲ್ಲ.

ಹೊಡೆಯೋವಾಗ ಮೈಲಿಗೆ ಅಡ್ಡ ಬರೋದಿಲ್ಲವಲ್ಲ, ರಾತ್ರಿ ಹೊತ್ತು ನಮ್ಮ ಹೆಣ್ಣುಮಕ್ಕಳನ್ನು ಮುಟ್ಟೋವಾಗ ಮಡಿ ಎಲ್ಲಿ ಹೋಗಿರುತ್ತದೆ ಅಂತ ಯಾರಾದರೂ ಕೇಳಬಹುದು. ನಿಜ. ದಿನಾ ಹೊಡೆದು ಹೊಡೆದು ಅಭ್ಯಾಸವಾದ ಕೈಗೆ ಇಂಗ್ಲಿಷಿನ ಈ ರೂಪಕ ಹೊಂದುತ್ತದೆ, ಅಷ್ಟರ ಮಟ್ಟಿಗೆ ಬಿಟ್ಟುಕೊಡುತ್ತೇನೆ. ಆದರೆ ಫೈಲಿನ ಮೇಲೆ ಸಹಿ ಹಾಕದೆ ಕೂತವನು, ಕಿಟಕಿ ಗಾಜು ಏರಿಸಿಕೊಂಡು ಮ್ಯಾನ್‌ಹೋಲ್ ಪಕ್ಕ ಕಾರು ಓಡಿಸಿದವನು, ಅವರು ಯಾವುದಕ್ಕೂ ಅಭ್ಯಾಸ ಆದವರಲ್ಲ. ಅವರಿಗೆ ಅಭ್ಯಾಸವೇ ಆಗಿಲ್ಲ.

ಅಂಬೇಡ್ಕರ್ 1936ರಲ್ಲಿ ಅಚ್ಚು ಹಾಕಿಸಿದ, ಲಾಹೋರಿನಲ್ಲಿ ಮಾಡಲಾಗದೇ ಹೋದ ಆ ಭಾಷಣದಲ್ಲಿ ಇದನ್ನು ಬೇರೆ ದಾರಿಯಿಂದ ಹಿಡಿದಿದ್ದಾರೆ. ಜಾತಿ ಮಾಡುವವರ ಎದೆ ಕೆಟ್ಟಿದೆ ಅಂತ ಅವರು ವಾದ ಹೂಡೋದಿಲ್ಲ. ಅದನ್ನು ಧರ್ಮ ಅಂತ ಕಲಿಸಿದ ಶಾಸ್ತ್ರದ ಕಡೆಗೆ ಕೈ ತೋರಿಸುತ್ತಾರೆ. ಕ್ಯಾಲಸ್ ಅನ್ನೋ ಮಾತಿನ ಇನ್ನೊಂದು ಕೇಡು ಇಲ್ಲಿದೆ. ಅದು ಒಬ್ಬೊಬ್ಬರ ಎದೆಗೆ ಬಂದ ರೋಗದ ಹೆಸರು. ಆ ಇಂಜಿನಿಯರು ಕ್ಯಾಲಸ್, ಎತ್ತಂಗಡಿ ಮಾಡಿ. ಈ ಗುತ್ತಿಗೆದಾರ ಕ್ಯಾಲಸ್, ದಂಡ ಹಾಕಿ. ತಲೆತಲಾಂತರ ತೊಟ್ಟಿಲಲ್ಲೇ ಕಲಿಸಿದ ಪಾಠಕ್ಕೆ ಯಾವ ಇಲಾಖೆ ನೋಟಿಸು ಕೊಡುತ್ತದೆ?

ನಮ್ಮವರಲ್ಲೇ ಕೆಲವರು ಇನ್ನೊಂದು ಮಾತು ಹೇಳುತ್ತಾರೆ. ಗುಂಡಿಗೆ ಇಳಿಯೋ ನಮ್ಮ ಅಣ್ಣಂದಿರಿಗೂ ಜಡ್ಡು ಹಿಡಿದಿದೆ, ಇಲ್ಲದಿದ್ದರೆ ಆ ನಾತ ತಡೆದುಕೊಂಡು ಹೆಂಗೆ ಇಳೀತಾರೆ ಅಂತ. ಇಳಿಯೋಕೆ ಮುಂಚೆ ಅವರಲ್ಲಿ ಎಷ್ಟೋ ಜನ ಯಾಕೆ ಕುಡೀತಾರೆ ಹೇಳಿ. ಜಡ್ಡು ಹಿಡಿದಿದ್ದರೆ ಹೆಂಡ ಯಾಕೆ ಬೇಕಿತ್ತು? ಮೂಗಿಗೆ ಜಡ್ಡು ಬೀಳೋದಿಲ್ಲ, ಮಾನಕ್ಕೂ ಬೀಳೋದಿಲ್ಲ, ಅದಕ್ಕೇ ಕ್ವಾರ್ಟರು ಬಾಟ್ಲಿ. 1993ರಲ್ಲಿ ಒಂದು ಕಾನೂನು ಬಂತು. 2013ರಲ್ಲಿ ಇನ್ನೊಂದು ಬಂತು. ಗುಂಡಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವಿನ ಬೆಲೆ ಏರುತ್ತದೆ, ಗುಂಡಿ ಹಂಗೇ ಇದೆ.

ತಾಗಿಸಿದ್ದು ಒಂದು ಸಲ ಮಾತ್ರ ನೋಡಿದ್ದೇವೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈ ತಿಂಗಳು, ಮಲ ಹೊತ್ತು ಬದುಕಿದ ಭಂಗಿ ಸಮುದಾಯದವರು ಇದ್ದ ಜಾಗ ಬಿಡಿಸೋದರ ವಿರುದ್ಧ ಕೂಗಿ ಕೂಗಿ ಸಾಕಾಗಿ, ಪುರಸಭೆಯ ಮುಂದೆ ನಿಂತು ಅದೇ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಇಡೀ ನಾಡು ಮುಖ ಸಿಂಡರಿಸಿತು. ಹೊಟ್ಟೆ ತೊಳೆಸಿತು ಅಂತ ಬರೆದವರಿದ್ದಾರೆ. ಒಂದು ತಲೆಮಾರಿಗೂ ಹಿಂದೆ, 1970ರ ದಶಕದಲ್ಲೇ, ಬಸವಲಿಂಗಪ್ಪನವರು ಮಂತ್ರಿಯಾಗಿ ಮಲ ಹೊರೋದನ್ನು ನಿಷೇಧಿಸಿದ್ದ ರಾಜ್ಯ ಇದು. ಹೊಟ್ಟೆ ತೊಳೆಸಿತಲ್ಲ, ಅದನ್ನು ಗಮನಿಸಿ. ಜಡ್ಡು ಬಿದ್ದವರಿಗೆ ಹೊಟ್ಟೆ ತೊಳೆಸೋದಿಲ್ಲ. ದಿನಾ ತಾಗುತ್ತಿದ್ದದ್ದು ಅವತ್ತು ಒಂದು ಗಳಿಗೆ ಇವರಿಗೂ ಕಣ್ಣಿಂದ ತಾಗಿತು, ಮೆತ್ತನೆ ಚರ್ಮ ಕೂಡಲೇ ಹಿಂದಕ್ಕೆ ಸರಿಯಿತು.

ನಮ್ಮ ಕವಿತೆಗಳಿಗೂ ಈ ಮಾತು ಹೇಳಬೇಕು. ಜಡ್ಡುಗಟ್ಟಿದ ಸಮಾಜ, ಜಡ್ಡುಗಟ್ಟಿದ ವ್ಯವಸ್ಥೆ, ಜಡ್ಡುಗಟ್ಟಿದ ಮನಸ್ಸು ಅಂತ ಬರೆಯದ ಬಂಡಾಯ ಕವಿ ಯಾರಿದ್ದಾನೆ? ನನ್ನ ಪದ್ಯಗಳಲ್ಲೂ ಹುಡುಕಿದರೆ ಸಿಗುತ್ತದೆ. ಕಲ್ಲೆದೆ ಅನ್ನೋಣ ಅಂದರೆ ಕಲ್ಲು ಒಡೆಯೋ ಒಡ್ಡರ ಅಣ್ಣ ನಗುತ್ತಾನೆ, ಅವನ ಉಳಿಗೆ ಕಲ್ಲು ಎಷ್ಟೋ ಸಲ ಮಾತು ಕೇಳಿದೆ. ಕನ್ನಡದಲ್ಲಿ ಅಸಡ್ಡೆ ಅಂತ ಒಂದು ಒಳ್ಳೇ ಮಾತಿದೆ. ಅಶ್ರದ್ಧೆ ಅನ್ನೋದು ನಮ್ಮ ಜನರ ಬಾಯಲ್ಲಿ ಸವೆದು ಹಿಂಗಾದದ್ದು. ಲಕ್ಷ್ಯ ಇಡದಿರೋದು, ಎದುರಿಗಿರೋದನ್ನು ಇದೆ ಅಂತ ಎಣಿಸದಿರೋದು. ಚರ್ಮದ ಗೊಡವೆ ಇಲ್ಲ, ಕೈಯ ಗೊಡವೆ ಇಲ್ಲ. ಆದರೂ ಅದು ಸ್ವಲ್ಪ ಮೆತ್ತಗಾಯಿತು, ಎಮ್ಮೆಗೆ ಹುಲ್ಲು ಹಾಕೋದು ಮರೆತ ಹುಡುಗನಿಗೂ ಅಸಡ್ಡೆ ಅಂತೀವಿ. ಮುಟ್ಟದೇ ಇದ್ದು ಬೆಳೆಸಿಕೊಂಡ ಈ ನಿರ್ದಯಕ್ಕೆ ಸರಿಯಾದ ಮಾತು ಇಂಗ್ಲಿಷಿನಲ್ಲೂ ನನಗೆ ಸಿಕ್ಕಿಲ್ಲ, ಕನ್ನಡದಲ್ಲೂ ಸಿಕ್ಕಿಲ್ಲ. ಸಿಕ್ಕವರು ಬರೆದು ತಿಳಿಸಲಿ.

ಅಲ್ಲಿವರೆಗೆ ಏನು ಮಾಡೋದು? ಮೊನ್ನೆ ಒಂದು ವರದಿ ಕನ್ನಡಕ್ಕೆ ಮಾಡುವಾಗ ಕ್ಯಾಲಸ್ ಅನ್ನೋದು ಐದು ಕಡೆ ಬಂತು. ಎರಡು ಕಡೆ ಅಸಡ್ಡೆ ಅಂತ ಹಾಕಿದೆ, ಒಂದು ಕಡೆ ನಿರ್ದಯ ಅಂತ. ಉಳಿದ ಎರಡು ಕಡೆ ಗುಣವಾಚಕವನ್ನೇ ತೆಗೆದುಹಾಕಿ, ಅದೇ ವರದಿಯ ಒಳಗಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿದ್ದ ಸಂಗತಿಯನ್ನು ಆ ಜಾಗಕ್ಕೆ ತಂದು ಬರೆದೆ. ಇಳಿಯೋ ಮುಂಚೆ ಗುಂಡಿಯ ಗಾಳಿ ಪರೀಕ್ಷೆ ಮಾಡಿರಲಿಲ್ಲ. ಕೈಗವಸು ಕೊಟ್ಟಿರಲಿಲ್ಲ. ಮೇಲೆ ನಿಂತಿದ್ದವರ ಕೈಯಲ್ಲಿ ಹಗ್ಗವೂ ಇರಲಿಲ್ಲ.